ಈರಪ್ಪಣ್ಣನ ಖೋಲಿಯ ಕೀಲಿಕೈ

ಹೋದ ಅಮಾವಾಸ್ಯೆಯ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಜಮಖಂಡಿಯ ನನ್ನ ಸಣ್ಣ ಆಫೀಸಿನಲ್ಲಿ ಕೂತು ಒಂದು ಪಟ್ಟಿ ನೋಡುತ್ತಿದ್ದೆ. ಸುತ್ತಲಿನ ಊರವರ ವೆಬ್‌ಸೈಟುಗಳನ್ನು ಇಟ್ಟಿದ್ದ ಹಳೆಯ ಸರ್ವರನ್ನು ತಿಂಗಳ ಕೊನೆಗೆ ಪೂರ್ತಿ ನಿಲ್ಲಿಸುವವರಿದ್ದರು. ಹೊಸದಕ್ಕೆ ಯಾರನ್ನು ಸಾಗಿಸಬೇಕು, ಯಾರನ್ನು ಬಿಡಬೇಕು ಎಂದು ಗುರುತು ಹಾಕುವುದು ನನ್ನ ಕೆಲಸ. ಬಿಟ್ಟದ್ದು ಅಳಿದುಹೋಗುತ್ತದೆ. ಒಬ್ಬ ವಕೀಲರದು, ಮುಧೋಳದಲ್ಲಿ ನಾಯಿ ಸಾಕುವವರದು, ಬೀಳಗಿಯ ಬೀಜದ ಅಂಗಡಿಯದು. ನಾಲ್ಕನೆಯ ಸಾಲಿನಲ್ಲಿ ಈರಪ್ಪಣ್ಣನ ಹೆಸರಿತ್ತು. ಎದುರಿಗೆ ಕೊನೆಯ ಫೈಲು ಬಂದ ಸಮಯ: ಅದೇ ದಿನ, ಅರ್ಧ ಗಂಟೆಯ ಹಿಂದೆ.

ಈರಪ್ಪಣ್ಣ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅವರ ಪರಿಚಯ ನಿಮಗಿಲ್ಲ. ಬನಹಟ್ಟಿಯಲ್ಲಿ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದವರು. ಗ್ರಾಫ್ ಹಾಳೆಯ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿ, ಮೂಲೆಯದೊಂದನ್ನು ಮಾತ್ರ ಖಾಲಿ ಬಿಡುತ್ತಿದ್ದರು. ಅದೇ ಅವರ ಸಹಿ. ಆ ನಕ್ಷೆಗಳಿಗೆಂದು ನನ್ನಿಂದ ಒಂದು ವೆಬ್‌ಸೈಟ್ ಮಾಡಿಸಿದ್ದರು. ಮಗ್ಗಗಳಿಗೆ ರಜೆಯಿರುವ ಅಮಾವಾಸ್ಯೆಗೊಂದು ನಕ್ಷೆಯನ್ನು ತಾವೇ ಅಲ್ಲಿ ಏರಿಸಬೇಕು ಎಂಬುದು ಅವರ ಹಟ. ಅದಕ್ಕಾಗಿ ಅವರ ಹೆಸರಿನಲ್ಲಿ ಫೈಲು ಕಳಿಸುವ ಎಫ್‌ಟಿಪಿ ಖಾತೆ ತೆರೆದೆ. ಹಾಗೆಂದರೇನು ಎಂದು ಅವರು ಕೇಳಿದಾಗ, ಸರ್ವರೆಂದರೆ ದೊಡ್ಡದೊಂದು ಮನೆ, ಒಬ್ಬೊಬ್ಬರ ವೆಬ್‌ಸೈಟಿಗೂ ಒಂದೊಂದು ಖೋಲಿ, ಈ ಹೆಸರು ಮತ್ತು ಪಾಸ್‌ವರ್ಡ್ ನಿಮ್ಮ ಖೋಲಿಯ ಕೀಲಿಕೈ ಎಂದೆಲ್ಲ ವಿವರಿಸಿದ್ದೆ. ಆ ಮನೆಯನ್ನು ನಾನೂ ಕಂಡವನಲ್ಲ. ದೇವರನ್ನು ಯಾರೂ ಕಂಡಿಲ್ಲ ಎಂದು ಊರೆಲ್ಲ ವಾದ ಮಾಡಿಕೊಂಡು ತಿರುಗುವ ನನಗೆ ಆಗ ಅದು ಹೊಳೆಯಲಿಲ್ಲ.

“ಬಾಜೂ ಖೋಲ್ಯಾಗ ಯಾರದಾರ?” ಎಂದರು.

“ಮುಧೋಳದ ನಾಯಿಗೋಳ್ರಿ.”

“ಬೊಗಳಿದ್ರ ನನಗ ಕೇಳಸ್ತದೇನು?”

“ಇಲ್ರಿ, ನಡಕ ಗ್ವಾಡಿ ಗಟ್ಟಿ ಅದ.”

ನಕ್ಕರು. ಆಮೇಲೆ ತಾವು ಸತ್ತ ಮೇಲೆ ಕೀಲಿಕೈ ಯಾರ ಹತ್ತಿರ ಇರುತ್ತದೆಂದು ಕೇಳಿದರು. ಯಾರ ಹತ್ತಿರವೂ ಇಲ್ಲ, ಆ ದಿನವೇ ನಾನು ಖಾತೆ ಮುಚ್ಚುತ್ತೇನೆ, ಇಲ್ಲವಾದರೆ ಕಳ್ಳರಿಗೆ ದಾರಿ ಎಂದೆ. ಭದ್ರತೆಯ ಬಗ್ಗೆ ಭಾಷಣ ಮಾಡುವುದು ನನಗೆ ಮೊದಲಿನಿಂದ ಇಷ್ಟ. ಈರಪ್ಪಣ್ಣ ಮಗ್ಗದ ಕಡೆ ನೋಡಿದರು. ಮಗ್ಗಕ್ಕೆ ಏರಿಸಿದ ಉದ್ದನೆಯ ಎಳೆಗಳ ಹಾಸು ನೇಯ್ದು ಮುಗಿದರೂ ನೇಕಾರರು ಅದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಉಳಿದ ಗೇಣಿನಷ್ಟು ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ.

“ಅಷ್ಟ ಲಗೂ ಮುಚ್ಚಬ್ಯಾಡ ತಮ್ಮಾ,” ಎಂದರು. “ಒಂದ ಗೇಣು ಬಿಡು.”

ನಾನು ಬಿಡಲಿಲ್ಲ. ಅವರು ಹೋದ ಸುದ್ದಿ ಬಂದ ದಿನ ಮನೆಯವರನ್ನು ಮಾತಾಡಿಸಲು ಹೋಗುವ ಮೊದಲೇ ಖಾತೆ ಮುಚ್ಚಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಪಕ್ಕದಲ್ಲಿ ಅರ್ಧ ಕುಡಿದ ಚಹಾ ಇತ್ತು, ಅದರ ಮೇಲೆ ಕೆನೆ ಕಟ್ಟಿತ್ತು.

ಈಗ ಹೊಸ ಫೈಲನ್ನು ತೆರೆದೆ. ಮಾವಿನಕಾಯಿ ಆಕಾರದ ಸಾಲು, ಕೆಂಪು ಮತ್ತು ಕಪ್ಪು. ಮೂಲೆಯ ಒಂದು ಚೌಕ ಖಾಲಿ.

ಕಳ್ಳತನ ಎಂದುಕೊಂಡೆ. ಭಯಕ್ಕಿಂತ ಅದು ಮೇಲು. ಸರ್ವರಿನ ದಾಖಲೆ ತೆಗೆದೆ. ಅವರು ಸತ್ತ ದಿನ ಖಾತೆ ಮುಚ್ಚಿದ್ದು ನಿಜ. ಹನ್ನೊಂದು ದಿನಗಳ ನಂತರ ಮತ್ತೆ ತೆರೆದಿತ್ತು. ಅಲ್ಲಿಂದ ಅಮಾವಾಸ್ಯೆಗೊಂದು ಫೈಲು, ಒಂದೂ ತಪ್ಪಿಲ್ಲ. ತೆರೆದವರ ಹೆಸರಿದ್ದ ಕಡೆ ನನ್ನ ಹೆಸರಿತ್ತು.

ಬಾಗಿಲು ಹಾಕಿ ಬಸ್ಸು ಹತ್ತಿದೆ.

ಮಗ್ಗಗಳ ಸದ್ದಿಲ್ಲದ ಬನಹಟ್ಟಿಯಲ್ಲಿ ನಡೆದಿದ್ದೀರಾ? ಉಳಿದ ದಿನ ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ. ಅವತ್ತು ನನ್ನ ಚಪ್ಪಲಿಯ ಸದ್ದು ನನಗಿಂತ ಅರ್ಧ ಹೆಜ್ಜೆ ಹಿಂದೆ ಬರುತ್ತಿರುವಂತೆ ಕೇಳಿಸಿತು. ಎರಡು ಸಲ ತಿರುಗಿ ನೋಡಿದೆ. ಗೋಡೆಗೆ ತಾಗಿ ಮರಳುವ ಧ್ವನಿಯ ನಿಯಮವನ್ನು ಧಾರವಾಡದಲ್ಲಿ ಓದಿದ್ದೇನೆ. ಆದರೂ ತಿರುಗಿ ನೋಡಿದೆ.

ಈರಪ್ಪಣ್ಣನ ಹೆಂಡತಿ ಗಂಗಕ್ಕ ಮಗ್ಗದ ಖೋಲಿಯಲ್ಲಿದ್ದರು. ಕಂಪ್ಯೂಟರು ಇನ್ನೂ ಚಾಲೂ ಇತ್ತು. ಫೈಲು ಸಾಗಿಸುವ ಕಿಟಕಿ ತೆರೆದಿತ್ತು: ಎಡಕ್ಕೆ ಈ ಮನೆಯ ಫೈಲುಗಳು, ಬಲಕ್ಕೆ ಸರ್ವರಿನವು. ಯಾರು ಕಲಿಸಿದರು ಎಂದು ಕೇಳಿದೆ.

“ನೀನ ಅಲ್ಲೇನೋ ತಮ್ಮಾ?” ಎಂದರು. ಚೇಷ್ಟೆ ಎಂದುಕೊಂಡು ಅವರಿಗೆ ನಗು ಬಂದಿತ್ತು.

ಗೋಡೆಯ ಮೇಲೆ ಗ್ರಾಫ್ ಹಾಳೆಯೊಂದನ್ನು ಅಂಟಿಸಿದ್ದರು. ಅದರಲ್ಲಿ ಹೀಗೆ ಬರೆದಿತ್ತು: ಎಡಗಡೆ ನಮ್ಮ ಮನೆ. ಬಲಗಡೆ ಆ ಕಡೆ. ಈ ಕಡೆಯದನ್ನು ಹಿಡಿದು ಆ ಕಡೆಗೆ ಎಳೆದು ಬಿಡಿ. ಅವಸರ ಬೇಡ. ಅಕ್ಷರ ನನ್ನದು. ಬಾಲ ಉದ್ದ ಬಿಡುವ ನನ್ನ ‘ಳ’ ಕೂಡ ಇತ್ತು. ಕಿಸೆಯಿಂದ ಪೆನ್ನು ತೆಗೆದು ಕೆಳಗೆ ಅದೇ ಸಾಲು ಬರೆದು ನೋಡಿದೆ. ಎರಡನ್ನೂ ಒಬ್ಬನೇ ಬರೆದಿದ್ದ.

“ಅವರು ಹೋಗಿ ಹತ್ತ ಹನ್ನೊಂದ ದಿನಕ್ಕ ಬಂದಿ,” ಎಂದರು ಗಂಗಕ್ಕ, ಈಗ ನಗದೆ. “ಚಪ್ಲಿ ತೊಯ್ದಿದ್ದೂ. ಎಲ್ಲಿಂದ ಬಂದ್ಯೋ ಅಂದ್ರ, ಚಿಕ್ಕಪಡಸಲಗಿ ಒಡ್ಡಿನ ಮ್ಯಾಲ ಕುಂತಿದ್ನಿ ಅಂದಿ. ಮುಚ್ಚಬಾರದಿತ್ತು ಅಂತ ಅತ್ತಿ.”

ಒಡ್ಡು ನೆನಪಿದೆ. ಕೃಷ್ಣೆಯ ನೀರು ಚಪ್ಪಲಿಯ ಮೇಲೆ ಬಂದದ್ದು, ಎದ್ದು ನಿಂತದ್ದು ನೆನಪಿದೆ. ಅದಾದ ಮೇಲೆ ನೆನಪಿರುವುದು ಜಮಖಂಡಿಯ ಬಸ್ ನಿಲ್ದಾಣ, ಸಂಜೆ. ನಡುವೆ ಒಂದು ಮಧ್ಯಾಹ್ನವೇ ಇಲ್ಲ. ಇಲ್ಲವೆಂಬುದೂ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಹರಿದ ಜಾಗ ಕಾಣದ ಹಾಗೆ ಯಾರೋ ಎರಡು ತುದಿಗಳನ್ನು ಹೊಸೆದು ಕೂಡಿಸಿದ್ದರು. ಈ ಜಾಗದಲ್ಲಿ ನಾನು ಕೂತು, ಅತ್ತು, ಕೆಲಸ ಕಲಿಸಿ ಹೋಗಿದ್ದೆ. ಆ ನಾನು ಎಲ್ಲಿ ಹೋದ?

ಗಂಗಕ್ಕ ಟ್ರಂಕು ತೆರೆದು ತೋರಿಸಿದರು. ಈರಪ್ಪಣ್ಣ ಬರೆದಿಟ್ಟ, ಇನ್ನೂ ಏರಿಸದ ಹಾಳೆಗಳು, ಅಂಚಿಗೆ ಗೆದ್ದಲು ತಿಂದವು. ಬೇರೆಲ್ಲೂ ನಕಲಿಲ್ಲ. ಹಳೆಯ ಸರ್ವರು ಆರಿಹೋಗುತ್ತದೆ, ಎಲ್ಲವನ್ನೂ ಇವತ್ತೇ ಫೋಟೋ ತೆಗೆದು ಹೊಸದಕ್ಕೆ ಏರಿಸಿಬಿಡೋಣ ಎಂದೆ. ಅವರು ಟ್ರಂಕಿನ ಮುಚ್ಚಳದ ಮೇಲೆ ಕೈಯಿಟ್ಟರು.

“ಎಲ್ಲಾ ಒಮ್ಮಿಗೇ ಆ ಕಡೆ ಕಳಿಸಿದ್ರ, ಮುಂದಿನ ಅಮಾಸಿಗೆ ನಾ ಏನ್ ಮಾಡ್ಲಿ?”

ಗೆದ್ದಲು ಅಮಾವಾಸ್ಯೆಗೆ ಕಾಯುವುದಿಲ್ಲ ಎಂದು ಹೇಳಬಹುದಿತ್ತು. ಬದಲಿಗೆ ಹಾಳೆಗಳನ್ನೆಲ್ಲ ಬಿಸಿಲಿಗೆ ಹರವಿ, ಹುಳು ಝಾಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಟ್ಟೆ. ಅವರ ಕಂಪ್ಯೂಟರಿನಲ್ಲೇ ಕೂತು ಹೊಸ ಸರ್ವರಿನಲ್ಲಿ ಈರಪ್ಪಣ್ಣನಿಗೊಂದು ಖೋಲಿ ಮಾಡಿದೆ, ಹಳೆಯ ನಕ್ಷೆಗಳನ್ನು ಅಲ್ಲಿಗೆ ಸಾಗಿಸಿದೆ, ಅದೇ ಹೆಸರಿಗೆ ಕೀಲಿಕೈ ಕೊಟ್ಟೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಈ ಸಲ ಮರಿಯಾಂಗಿಲ್ರಿ ಅಕ್ಕಾ,” ಎಂದೆ.

ಗಂಗಕ್ಕ ನನ್ನ ಚಪ್ಪಲಿಯ ಕಡೆ ನೋಡಿದರು.

“ಹ್ವಾದ ಸಲಾನೂ ಅಲ್ಲೇ ನಿಂತು ಇದ ಮಾತ ಅಂದಿ.”

ಇವತ್ತು ಮತ್ತೆ ಅಮಾವಾಸ್ಯೆ. ಹತ್ತೂವರೆಗೆ ಫೈಲು ಬಂತು. ನವಿಲಿನ ಸಾಲು, ಮೂಲೆಯಲ್ಲಿ ಖಾಲಿ ಚೌಕ. ನನ್ನ ನೆನಪನ್ನು ನಾನು ನಂಬುವುದಿಲ್ಲವಾದ್ದರಿಂದ ಇಷ್ಟೆಲ್ಲ ಬರೆದು ನಿಮ್ಮ ಕೈಗೆ ಕೊಡುತ್ತಿದ್ದೇನೆ. ಮುಂದೆ ಎಲ್ಲಾದರೂ ಸಿಕ್ಕಾಗ, ಈರಪ್ಪಣ್ಣನ ಖಾತೆಯೇ, ಅದನ್ನು ಅವತ್ತೇ ಮುಚ್ಚಿದೆನಲ್ಲ ಎಂದು ನಾನು ಹೇಳಿದರೆ ವಾದ ಮಾಡಬೇಡಿ. ಈ ಪುಟವನ್ನು ಮಡಚಿ ನನ್ನ ಕಿಸೆಯಲ್ಲಿಟ್ಟು, ಬನಹಟ್ಟಿಯ ಬಸ್ಸು ಹತ್ತಿಸಿ.