ಕಾಫಿ ಸಿಪ್ಪೆಯ ಮೊಕದ್ದಮೆ

ಕಾಲೇಜಿನ ಚರ್ಚಾ ಸ್ಪರ್ಧೆಗಳಿಂದ ನಾನು ಕಲಿತ ವಿದ್ಯೆ ಒಂದೇ: ಯಾವ ಪಕ್ಷ ಕೊಟ್ಟರೂ ನಾಲ್ಕು ನಿಮಿಷ ಉಸಿರು ಬಿಡದೆ ಮಾತಾಡುವುದು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಇದೊಂದು ಗೊತ್ತಿದ್ದರೆ ಜಗತ್ತಿನ ಯಾವ ಜಗಳವನ್ನಾದರೂ ಬಿಡಿಸಬಹುದು ಎಂಬ ಭ್ರಮೆ ಜರ್ಮನಿಯ ಬಾನ್‌ಗೆ ಓದಲು ಬರುವವರೆಗೂ ನನಗಿತ್ತು. ಅದನ್ನು ಕಳೆದದ್ದು ನಮ್ಮ ಹಾಸ್ಟೆಲಿನ ಅಡುಗೆಮನೆ.

ಆ ಅಡುಗೆಮನೆ ಮೂವರದು. ನಾನು ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯ ಮಗಳು. ಉಳಿದಿಬ್ಬರೂ ಯೆಮನ್‌ನವರು; ಒಬ್ಬ ಉತ್ತರದ ಸನಾದವನು, ಇನ್ನೊಬ್ಬ ದಕ್ಷಿಣದ ಬಂದರು ಏಡನ್‌ನವನು. ಸನಾದವನಿಗೆ ಮೊಟ್ಟೆ ಬೇಯಿಸಲೂ ಬಾರದು, ಏಡನ್‌ನವನ ಮೀನು ಸಾರಿನ ಮೇಲೆ ಬದುಕಿದ್ದ. ಏಡನ್‌ನವನಿಗೆ ಜರ್ಮನ್ ಕಚೇರಿಯಿಂದ ಫೋನ್ ಬಂದರೆ ಬಾಯಿ ಒಣಗುತ್ತಿತ್ತು, ಮಾತಾಡುವವನು ಸನಾದವನು. “ಇವನು ನನ್ನ ವಿದೇಶಾಂಗ ಮಂತ್ರಿ, ನಾನು ಇವನ ಆಹಾರ ಮಂತ್ರಿ” ಎಂದು ಏಡನ್‌ನವನು ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಿದ್ದ. ಅವರ ದೇಶದಲ್ಲಿ ಆಗ ನೆಟ್ಟಗೆ ನಡೆಯುತ್ತಿದ್ದ ಸರ್ಕಾರ ಅದೊಂದೇ ಇರಬೇಕು.

ಅದನ್ನು ಉರುಳಿಸಿದವಳು ನಮ್ಮ ಹಾಸ್ಟೆಲಿನ ಟ್ಯೂಟರ್, ಅಂದರೆ ನಮ್ಮನ್ನೆಲ್ಲ ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿನಿ. ಸದಾ ನಗುವ, ಯಾರಿಗೂ ಕೇಡು ಬಯಸದ ಜರ್ಮನ್ ಹುಡುಗಿ. ಸಂಸ್ಕೃತಿ ಸಂಜೆಗೆ ದೇಶಕ್ಕೊಂದು ಮೇಜು, ಮೇಜಿಗೊಂದು ಬಾವುಟ ಎಂದು ಅವಳು ಘೋಷಿಸಿದಳು. ಸನಾದವನು ಇಡೀ ಯೆಮನ್‌ನ ಕೆಂಪು, ಬಿಳಿ, ಕಪ್ಪು ಪಟ್ಟೆಯ ಬಾವುಟ ತಂದ. ಏಡನ್‌ನವನು ತಂದದ್ದೂ ಅದೇ, ಆದರೆ ಪಕ್ಕದಲ್ಲಿ ನೀಲಿ ತ್ರಿಕೋನ, ಅದರೊಳಗೊಂದು ಕೆಂಪು ನಕ್ಷತ್ರ. ಅದು ಹಳೆಯ ದಕ್ಷಿಣ ಯೆಮನ್‌ನದು. ಇಬ್ಬರೂ ಹುಟ್ಟುವ ಮೊದಲೇ ಎರಡು ದೇಶಗಳು ಸೇರಿ ಒಂದಾಗಿದ್ದವು. ಸೇರಿದ್ದೋ ನುಂಗಿದ್ದೋ ಎಂಬುದೇ ಪ್ರಶ್ನೆ.

“ಮದುವೆ ಅಂದ್ರು, ಮನೆ ಬರೆಸ್ಕೊಂಡ್ರು” ಎಂದ ಏಡನ್‌ನವನು.

“ಬ್ರಿಟಿಷರು ಎಳೆದ ಗೆರೆಗೆ ಪೂಜೆ ಮಾಡೋರು ನೀವು” ಎಂದ ಸನಾದವನು.

(ನಾವು ಜಗಳವಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಬೈಯುತ್ತಿದ್ದುದು ಅವರವರ ಭಾಷೆಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ, ಕೆಲವನ್ನು ತರಲಿಲ್ಲ.)

ಮೂರು ದಿನ ಮೀನು ಸಾರಿಲ್ಲ. ಶನಿವಾರ ಏಡನ್‌ನವನು, ಸೋಮವಾರ ರೈನ್ ನದಿಯಾಚೆ ಒಂದು ರೂಮು ನೋಡಲು ಹೋಗುತ್ತೇನೆ, ಹಿಡಿಸಿದರೆ ತಿಂಗಳ ಕೊನೆಗೆ ಹೊರಟೆ ಎಂದುಬಿಟ್ಟ. ಸನಾದವನು “ಹೋಗ್ಲಿ ಬಿಡು” ಎಂದು ಬ್ರೆಡ್ಡಿಗೆ ಜಾಮ್ ಸವರಿಕೊಂಡ. ಬ್ರೆಡ್ಡಿನ ಎರಡೂ ಬದಿಗೆ ಸವರಿಕೊಂಡದ್ದನ್ನು ಗಮನಿಸಿದೆ.

ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಕೂರಿಸಿದೆ. ಚರ್ಚೆಯ ತರಬೇತಿಯಲ್ಲಿ ಒಂದು ಕ್ರಮವಿದೆ: ಪಕ್ಷ ಅದಲುಬದಲು ಮಾಡಿ ವಾದಿಸುವುದು. ಎದುರಾಳಿಯ ಮಾತನ್ನು ನಾವೇ ಆಡಿದರೆ ಅದರ ಬಲ ಅರ್ಥವಾಗುತ್ತದೆ ಎಂಬುದು ಸಿದ್ಧಾಂತ. ಗಡಿಯಾರ ಇಟ್ಟೆ. ಏಡನ್‌ನವನು ಏಕತೆಯ ಪರ ಎದ್ದುನಿಂತ.

“ಸಭಿಕರೇ, ನಮಗೆ ಕರೆಂಟ್ ಬೇಡ, ನೀರು ಬೇಡ, ಸಂಬಳ ಬೇಡ. ಸನಾದ ಅಣ್ಣಂದಿರು ನಮ್ಮ ಮೇಲೆ ಕೂತಿದ್ರೆ ಅಷ್ಟೇ ಸಾಕು.”

ಸನಾದವನು ಪ್ರತ್ಯೇಕತೆಯ ಪರ. “ನಾವು ಇಂಗ್ಲಿಷರ ಬಿಸ್ಕತ್ತು ತಿಂದು ಬೆಳೆದ ಮನೆತನದವರು. ಬೆಟ್ಟದ ಮೇಲಿಂದ ಬಂದವರ ಜೊತೆ ಕೂತ್ರೆ ನಮ್ಮ ಪ್ಯಾಂಟಿನ ಇಸ್ತ್ರಿ ಹಾಳಾಗುತ್ತೆ.”

ಸಿದ್ಧಾಂತ ಅಲ್ಲಿಗೆ ಸತ್ತಿತು. ಏಡನ್‌ನವನು ಕುರ್ಚಿ ಹಿಂದೆ ತಳ್ಳಿ ಬಾಗಿಲಿಗೆ ಹೋದ.

ಏನೂ ತೋಚದೆ ನಾನು “ಕಾಫಿ ಆದ್ರೂ ಕುಡಿದು ಹೋಗು ಮಾರಾಯ” ಎಂದು ಫಿಲ್ಟರಿಗೆ ಬಿಸಿನೀರು ಸುರಿದೆ.

“ಅದು ಯಾರ ಕಾಫಿ?” ಎಂದ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ.

“ನಮ್ಮೂರಿಂದು.”

“ನಿಮ್ಮೂರಿಗೆ ಎಲ್ಲಿಂದ ಬಂತು?”

ಹೇಳಬಾರದಿತ್ತು, ಹೇಳಿದೆ. ನಮ್ಮ ಬೆಟ್ಟದ ಸಂತನೊಬ್ಬ ಮೆಕ್ಕಾಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಬಂದರಿನಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದನಂತೆ. “ದಂತಕಥೆ ಅಷ್ಟೇ. ಪುರಾವೆ ಇಲ್ಲ. ಏಳು ಅನ್ನೋ ಸಂಖ್ಯೆ ನೋಡಿದ್ರೇ ಅನುಮಾನ ಬರುತ್ತೆ” ಎಂದು ಸೇರಿಸಿದೆ.

“ಬಚ್ಚಿಟ್ಟುಕೊಂಡು” ಎಂದ ಸನಾದವನು, ಪದವನ್ನು ಚಪ್ಪರಿಸುತ್ತ. “ಅಂದ್ರೆ ಕದ್ದು.”

“ಕಳವು ಅಂದ್ರೆ ಏನು ಮೊದಲು ಹೇಳು. ಮಾಲೀಕನ ಹತ್ತಿರ ಇದ್ದದ್ದು ಇಲ್ಲದ ಹಾಗೆ ಆಗಬೇಕು. ನಿಮ್ಮ ಗಿಡ ಎಲ್ಲಾದ್ರೂ ಹೋಯ್ತಾ?” ಎಂದೆ.

“ಆ ವ್ಯಾಖ್ಯಾನವೇ ತಪ್ಪು!” ಎಂದು ಏಡನ್‌ನವನು ಬಾಗಿಲು ಬಿಟ್ಟು ಬಂದು ಕೂತ. “ಗಿಡ ಹೋಗಲಿಲ್ಲ, ವ್ಯಾಪಾರ ಹೋಯ್ತು!”

“ನಮ್ಮ ವ್ಯಾಪಾರ” ಎಂದ ಸನಾದವನು. ಆ “ನಮ್ಮ”ದಲ್ಲಿ ಯಾರ್‍ಯಾರಿದ್ದಾರೆ ಎಂದು ಇಬ್ಬರೂ ವಿಚಾರಿಸಲಿಲ್ಲ.

ಅದೇ ಬೆಟ್ಟದ ಗುಹೆ ದರ್ಗಾವೋ ಪೀಠವೋ ಎಂದು ನಮ್ಮಲ್ಲೂ ಜಗಳವಿದೆ, ಕೆಲವು ದಿನ ಊರ ತುಂಬ ಪೊಲೀಸರು ನಿಲ್ಲುತ್ತಾರೆ ಎಂದೆ. ಅನುಕಂಪ ಗಿಟ್ಟಿಸುವ ತಂತ್ರವದು, ಫಲಿಸಲಿಲ್ಲ. “ನೋಡು, ಕಳ್ಳನ ಮನೆಗೂ ಎರಡು ಬಾವುಟ!” ಎಂದು ಸನಾದವನು ಮೇಜು ಗುದ್ದಿದ. ಏಡನ್‌ನವನು ನಕ್ಕ. ಬಾವುಟದ ಜಗಳ ಶುರುವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆಗಲೇ ನಾನು ವಾದ ನಿಲ್ಲಿಸಬೇಕಿತ್ತು. ಆದರೆ ಸೋಲುತ್ತಿದ್ದೆನಲ್ಲ. “ತಂದದ್ದು ಹೇಗಾದ್ರೂ ಇರಲಿ, ನಾವು ಕಾಫಿಯನ್ನ ಗೌರವದಿಂದ ಸಾಕಿದ್ದೀವಿ” ಎಂದೆ. “ಸಾಕ್ಷಿ ಕರೀತೀನಿ ಇರಿ.” ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

“ಸಿಪ್ಪೆ ಏನ್ ಮಾಡ್ತೀರಿ ಅಂತ ಕೇಳು” ಎಂದ ಸನಾದವನು. ಒಲೆಯ ಮೇಲೆ ಅವನದೊಂದು ಪಾತ್ರೆ ಕುದಿಯುತ್ತಿತ್ತು. ಅವನಿಗೆ ಮಾಡಲು ಬರುವ ಏಕೈಕ ಪದಾರ್ಥ, ಶುಂಠಿ ಹಾಕಿದ ಏನೋ ಕೆಂಚು ಕಷಾಯ. ಅದರೊಳಗೆ ಏನಿದೆ ಎಂದು ನಾನು ಎಂದೂ ಕೇಳಿರಲಿಲ್ಲ.

“ಅಮ್ಮಾ, ಕಾಫಿಹಣ್ಣಿನ ಸಿಪ್ಪೆ ಏನ್ ಮಾಡ್ತಾರಮ್ಮಾ?”

“ಏನೇ ಇದು, ಊಟ ಆಯ್ತಾ ಅಂತ ಕೇಳಲ್ಲ, ಸಿಪ್ಪೆ ಅಂತಾಳೆ! ಗೊಬ್ಬರದ ಗುಂಡಿಗೆ ಹಾಕ್ತಾರೆ ಕಣೇ. ಇನ್ನೇನು, ಕುಡೀತಾರಾ ಅದನ್ನ?”

ಕನ್ನಡ ಬಾರದ ಇಬ್ಬರೂ ನನ್ನ ಮುಖ ನೋಡಿದರು. ಭಾಷಾಂತರಿಸಿದೆ.

 ಏಡನ್‌ನವನು ಎದ್ದು, ಪಾತ್ರೆಯ ಮುಚ್ಚಳ ತೆಗೆದು, ಸೌಟಿನಿಂದ ತಳ ಕೆದಕಿ ನನ್ನ ಮೂಗಿನ ಕೆಳಗೆ ಹಿಡಿದ. ಕುದ್ದು ಮೆತ್ತಗಾದ ಕಾಫಿ ಸಿಪ್ಪೆ. ಅವರೂರಲ್ಲಿ ಕುಡಿಯುವುದೇ ಅದನ್ನು.

“ಗೊಬ್ಬರ!” ಎಂದು ಸನಾದವನಿಗೆ ಹೇಳಿದ.

“ಬೀಜ ಕದ್ದು, ಒಳ್ಳೇ ಭಾಗವನ್ನ ಗುಂಡಿಗೆ ಹಾಕಿದ್ರು!” ಎಂದ ಸನಾದವನು.

ಅಮ್ಮ ಇನ್ನೂ ಲೈನಿನಲ್ಲಿದ್ದಳು. “ಪುಡಿ ಮುಗೀತೇನೇ? ಈ ಸಲ ಚಿಕೋರಿ ಸ್ವಲ್ಪ ಜಾಸ್ತಿ ಹಾಕಿ ಕಳಿಸ್ಲಾ?”

“ಚಿಕೋರಿ ಅಂದ್ರಾ?” ಸನಾದವನ ಕಿವಿ ನಿಮಿರಿತು. ಆ ಪದಕ್ಕೆ ಭಾಷಾಂತರ ಬೇಕಿರಲಿಲ್ಲ. ಕಳವಿನ ಜೊತೆಗೆ ಕಲಬೆರಕೆಯ ಆರೋಪವೂ ದಾಖಲಾಯಿತು. ಸಾಕ್ಷಿಯನ್ನು ತಯಾರು ಮಾಡದೆ ಕಟಕಟೆಗೆ ತಂದರೆ ಆಗುವುದು ಇದೇ.

ಬಾಗಿಲು ತಟ್ಟಿದ ಸದ್ದು. ಟ್ಯೂಟರ್. ಭಾನುವಾರ ರೂಹೆಟ್ಸೈಟ್, ಅಂದರೆ ಶಾಂತಿಯ ಹೊತ್ತು, ಗಲಾಟೆ ಮಾಡುವಂತಿಲ್ಲ, ಕೆಳಗಿನವರು ದೂರಿದ್ದಾರೆ. ಬಂದದ್ದಕ್ಕೆ ಅದನ್ನೂ ಕೇಳಿಬಿಟ್ಟಳು: “ಯೆಮನ್ ಮೇಜಿಗೆ ಯಾವ ಬಾವುಟ?”

ಇಬ್ಬರೂ ಪರಸ್ಪರ ನೋಡಲಿಲ್ಲ. “ಅದು ಆಮೇಲೆ. ಮೊದಲು ಇವಳ ಮೇಜನ್ನ ನಮ್ಮ ಪಕ್ಕಕ್ಕೆ ಹಾಕಿ” ಎಂದ ಏಡನ್‌ನವನು. “ಕದ್ದ ಮಾಲಿನ ಮೇಲೆ ಕಣ್ಣಿಡಬೇಕು.”

ಸೋಮವಾರ ಅವನು ರೂಮು ನೋಡಲು ಹೋಗಲಿಲ್ಲ. ಕೇಳಿದ್ದಕ್ಕೆ, ದೂರುದಾರ ಊರು ಬಿಟ್ಟರೆ ಮೊಕದ್ದಮೆ ಬಿದ್ದುಹೋಗುತ್ತದೆ ಎಂದ. ಸಂಜೆ ಮೀನು ಸಾರಿನ ವಾಸನೆ ಬಂತು. ಸನಾದವನು ಜಾಮ್ ಡಬ್ಬಿಯ ಮುಚ್ಚಳ ಬಿಗಿದು ಫ್ರಿಜ್ಜಿನ ಹಿಂದಕ್ಕೆ ತಳ್ಳಿದ.

ಇದನ್ನು ಕೇಳಿದವರು “ಕಾಫಿ ಮನಸ್ಸುಗಳನ್ನು ಬೆಸೆಯಿತು” ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆಸೆದದ್ದು ಮೂರನೆಯವಳಾದ ಅಪರಾಧಿ, ಅಂದರೆ ನಾನು. ಪ್ರಶ್ನೆ ಏನೂ ತೀರಿಲ್ಲ. ಸಂಸ್ಕೃತಿ ಸಂಜೆಗೆ ಅವರ ಮೇಜು ಬಾವುಟವಿಲ್ಲದೆ ನಿಂತಿತು, ಎರಡೂ ಬಾವುಟ ಈಗ ಅಡುಗೆಮನೆಯ ಡ್ರಾಯರಿನಲ್ಲಿ ಪಾತ್ರೆ ಒರೆಸುವ ಬಟ್ಟೆಗಳ ಕೆಳಗಿವೆ. ವಾರಕ್ಕೊಮ್ಮೆ ಯಾರಾದರೊಬ್ಬರು ಡ್ರಾಯರ್ ಎಳೆಯುತ್ತಾರೆ, ಜಗಳ ಶುರುವಾಗುತ್ತದೆ. ಆದರೆ ಅದೇ ಅಡುಗೆಮನೆಯಲ್ಲಿ, ಸಾರು ಕುದಿಯುತ್ತಿರುವಾಗ.

ಸಿಪ್ಪೆಯ ಕಷಾಯ ಹೇಗಿದೆ ಎಂದು ಇಬ್ಬರೂ ಕೇಳುತ್ತಲೇ ಇರುತ್ತಾರೆ. ನಾನು ಉತ್ತರ ಕೊಟ್ಟಿಲ್ಲ. ಒಪ್ಪಿಕೊಂಡರೆ ನಮ್ಮೂರಿನ ಗೊಬ್ಬರದ ಗುಂಡಿಗಳೆಲ್ಲ ಸಾಕ್ಷಿ ಹೇಳಲು ಎದ್ದುಬರುತ್ತವೆ. ನಾನು ಎರಡನೇ ಲೋಟ ಕೇಳಿದ್ದನ್ನು ಯಾರೂ ಪುರಾವೆಯೆಂದು ಪರಿಗಣಿಸಬಾರದು.