ಮೂರು ಚಕ್ರದ ಬ್ರೇಕು

ಮಲಾಡಿನಿಂದ ಅಕ್ಕನ ಫೋನ್ ಬಂದರೆ, ಕಳೆದೊಂದು ತಿಂಗಳು ನಾನು ಹಲೋ ಎನ್ನುವ ಮೊದಲೇ "ಎಲ್ಲಿದ್ದೀ?" ಎಂದು ಕೇಳುತ್ತಿದ್ದೆ. ಮನೆಯಲ್ಲಿದ್ದೇನೆ ಎಂದರೆ ಹೋದ ಉಸಿರು ಬರುತ್ತಿತ್ತು. ತಮ್ಮನಿಗೆ ಎಷ್ಟು ಕಾಳಜಿ ಎಂದು ಅವಳು ಹಿಗ್ಗುತ್ತಿದ್ದಳು. ಅದು ಕಾಳಜಿಯಲ್ಲ, ಹೆದರಿಕೆ.

ಅಕ್ಕನ ಹತ್ತಿರ ಭಾವ ಬಿಟ್ಟುಹೋದ ಹಳೆಯ ಕಾರಿದೆ. ಒಂದು ಕಾಲದ ಮುಂಬೈ ಟ್ಯಾಕ್ಸಿಗಳ ಜಾತಿಯದು. ಅದು ದಾರಿಯಲ್ಲಿ ಮಲಗಿದಾಗಲೆಲ್ಲ ವೈದ್ಯ ನಾನು. ಓದಿದ್ದು ಏಳನೇ ಕ್ಲಾಸು, ಕಸುಬು ದಾದರಿನ ಹೋಟೆಲಿನಲ್ಲಿ ಅಡಿಗೆ. ಹಾಗಾಗಿ ನನ್ನ ಔಷಧಿಗಳೂ ಮನೆಮದ್ದುಗಳೇ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ. ಪೆಟ್ರೋಲ್ ಟ್ಯಾಂಕು ಸೋರಿದರೆ ಬಟ್ಟೆ ಸೋಪು. ಬಿಸಿಲಿಗೆ ಎಂಜಿನ್ನಿನ ಪೆಟ್ರೋಲ್ ಪಂಪು ಕಾದು ಮುಷ್ಕರ ಹೂಡಿದರೆ, ಜ್ವರದ ಮಗುವಿನ ಹಣೆಗೆ ಹಾಕುವಂತೆ ಒದ್ದೆ ಬಟ್ಟೆ. ಕಾರು ಗೊಣಗಿಕೊಂಡು ಹೊರಡುತ್ತಿತ್ತು. "ನನ್ನ ತಮ್ಮ ಮುಟ್ಟಿದರೆ ಸಾಕು" ಎಂದು ಅಕ್ಕ ಬಿಲ್ಡಿಂಗಿಗೆಲ್ಲ ಹೇಳುತ್ತಿದ್ದಳು. ಹೊಗಳಿಕೆಯೂ ಇಂಗಿನಂತೆ, ಚಿಟಿಕೆ ಹೆಚ್ಚಾದರೆ ಇಡೀ ಪಾತ್ರೆ ಕೆಡುತ್ತದೆ.

ಹೋದ ತಿಂಗಳು ವಿಲೆ ಪಾರ್ಲೆಯಲ್ಲಿ ಬ್ರೇಕು ಸಡಿಲವಾಯಿತು. ಬಗ್ಗಿ ನೋಡಿದರೆ, ಹಿಂದಿನ ಎಡ ಚಕ್ರಕ್ಕೆ ಹೋಗುವ ಸಣ್ಣ ಪೈಪು ಒಡೆದು ಎಣ್ಣೆ ಸೋರುತ್ತಿತ್ತು. ಪೈಪನ್ನು ಮಡಚಿ, ಕಲ್ಲಿನಿಂದ ಜಜ್ಜಿ, ಆ ದಾರಿಯನ್ನೇ ಮುಚ್ಚಿದೆ. ಡಿಕ್ಕಿಯಲ್ಲಿದ್ದ ಬ್ರೇಕ್ ಎಣ್ಣೆ ತುಂಬಿದೆ. ಇನ್ನು ಮೂರೇ ಚಕ್ರಕ್ಕೆ ಬ್ರೇಕು. ಗ್ಯಾರೇಜಿನ ತನಕ ಹೋಗಲು ಸಾಕು. ಮರುದಿನ ಗ್ಯಾರೇಜಿಗೆ ಒಯ್ದರೆ ಬಾಗಿಲು ಹಾಕಿತ್ತು. ಹಾಗೆಯೇ ತಂದು ನಿಲ್ಲಿಸಿದೆ.

"ಹೊಸ ಪೈಪು ಹಾಕಿಸಿದ್ಯಾ?" ಎಂದಳು ಅಕ್ಕ. ನೆರೆಮನೆಯವರು ಪಕ್ಕದಲ್ಲೇ ನಿಂತು ನನ್ನನ್ನು ಮೆಚ್ಚಿ ನೋಡುತ್ತಿದ್ದರು.

"ಹೂಂ" ಎಂದೆ.

ನಾಳೆ ನಿಜ ಹೇಳೋಣ ಎಂದುಕೊಂಡೆ. ಆದರೆ ಸುಳ್ಳು ಇಡ್ಲಿ ಹಿಟ್ಟಿನ ಹಾಗೆ, ಇಟ್ಟಷ್ಟೂ ಉಕ್ಕುತ್ತದೆ. ಒಂದು ವಾರದ್ದನ್ನು ಒಪ್ಪಿಕೊಳ್ಳುವುದು ಕಷ್ಟ, ಎರಡು ವಾರದ್ದು ಇನ್ನೂ ಕಷ್ಟ.

ಮೊನ್ನೆ ಶನಿವಾರ ಬೆಳಿಗ್ಗೆ ಫೋನ್ ಬಂತು. "ಮೊಮ್ಮಕ್ಕಳನ್ನು ಕರ್ಕೊಂಡು ಖಂಡಾಲಾಕ್ಕೆ ಹೊರಟಿದ್ದೇನೆ."

ಖಂಡಾಲಾ ಎಂದರೆ ಘಾಟಿ. ನನ್ನ ಕಣ್ಣ ಮುಂದೆ ಬಂದದ್ದು ಹತ್ತುವುದಲ್ಲ, ಇಳಿಯುವುದು. "ನಾನು ಬರುವ ತನಕ ಹೊರಡಬೇಡ" ಎಂದಷ್ಟೇ ಹೇಳಿ ಸ್ಟೇಷನ್ನಿಗೆ ಓಡಿದೆ. ಉಳಿದದ್ದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಹೇಡಿಗೆ ನಾಲಿಗೆಗಿಂತ ಕಾಲು ಚುರುಕು.

ಲೋಕಲ್‌ನಲ್ಲಿ ನೇತಾಡುತ್ತಿದ್ದಾಗ, ಏಳನೇ ಕ್ಲಾಸಿನವನ ತಲೆಗೆ ಒಂದು ವ್ಯಾಕರಣ ಹೊಳೆಯಿತು. ಅರೆಬರೆ ಕೆಲಸಕ್ಕೆ ನಾವು "ನಡೀತದೆ" ಅನ್ನುತ್ತೇವೆ. ಹಿಂದಿಯವರು "ಚಲೇಗಾ", ಮರಾಠಿಯವರು "ಚಾಲೇಲ್". ಮೂರೂ ಭಾಷೆಗೆ ಒಂದೇ ಸಮಾಧಾನ: ಮುಂದೆ ಹೋದರೆ ಸಾಕು. "ನಿಲ್ತದೆ" ಎಂದು ಯಾರೂ ಭರವಸೆ ಕೊಡುವುದಿಲ್ಲ. ಎಂಜಿನ್ನಿಗೆ ಆ ಮಾತು ಸರಿ; ಬ್ರೇಕಿಗೆ? ಅಂಧೇರಿಯಲ್ಲಿ ಹೊಳೆದ ಈ ಜ್ಞಾನವನ್ನು ಹೊತ್ತು ಮಲಾಡಿನಲ್ಲಿ ಇಳಿದು ಅಕ್ಕನ ಬಿಲ್ಡಿಂಗಿಗೆ ಓಡಿದೆ.

ಮಕ್ಕಳು ಆಗಲೇ ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಒಡೆದಿದ್ದರು.

"ಅಕ್ಕಾ, ಪೈಪು ಹಾಕಿಸ್ಲಿಲ್ಲ."

"ಯಾವ ಪೈಪು?"

"ಬ್ರೇಕಿಂದು. ಜಜ್ಜಿದ್ದು ಹಾಗೇ ಉಂಟು."

"ಮತ್ತೆ ಅವತ್ತು ಹೂಂ ಅಂದದ್ದು ಯಾರು, ನಿನ್ನ ಅಜ್ಜನಾ?"

ಅವಳು ಮಕ್ಕಳನ್ನು ಇಳಿಸಿ ಮೇಲೆ ಕಳಿಸಿದಳು. "ಒಂದು ತಿಂಗಳು ಇವರನ್ನ ಇದ್ರಲ್ಲೇ ಶಾಲೆಗೆ ಬಿಟ್ಟೆ, ಮಾರಾಯ" ಎಂದಳು. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ಆಮೇಲೆ ಕೀಲಿ ಚಾಚಿದಳು. "ಗ್ಯಾರೇಜಿಗೆ ನೀನೇ ಓಡಿಸು. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ."

"ನೀನು ಬೇಡ ಅಕ್ಕಾ. ಎಂತಾದ್ರೂ ಆದ್ರೆ..."

"ಇಷ್ಟು ದಿವಸ ಎಂತ ಆಗ್ಬಹುದಿತ್ತು?"

ಹತ್ತು ನಿಮಿಷದ ದಾರಿ. ಒಂದನೇ ಗಿಯರಿನಲ್ಲಿ, ಬ್ರೇಕಿನ ಮೇಲಿನ ಕಾಲು ತೆಗೆಯದೆ, ಮುಕ್ಕಾಲು ಗಂಟೆ ತೆವಳಿದೆ. ಹಿಂದೆ ಹಾರ್ನುಗಳ ಮೆರವಣಿಗೆ. ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು, "ಕ್ಯಾ ಕಾಕಾ, ಬಾರಾತ್ ಲೇಕೆ ನಿಕ್ಲೇ ಹೋ?" ಎಂದ, ಮದುವೆ ದಿಬ್ಬಣ ಹೊರಟವನನ್ನು ಕೇಳುವಂತೆ. ಅಕ್ಕ ನಕ್ಕುಬಿಟ್ಟಳು; ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಮತ್ತೆ ಅಂಗಡಿಗಳನ್ನು ನೋಡತೊಡಗಿದಳು. ನನ್ನ ಕೈಗುಣವನ್ನು ನಂಬಿ ಅವಳು ಒಂದು ತಿಂಗಳು ಓಡಿಸಿದ್ದಳು. ನಾನು ಅದನ್ನು ಎರಡನೇ ಗಿಯರಿನಷ್ಟೂ ನಂಬಲಿಲ್ಲ.