ಆಯಿಯ ಕೂಗು ಕ್ಯಾಸೆಟ್ಟಾದದ್ದು

ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಸದಲಗಾಕ್ಕೆ ಹೊಸ ಹಾಡು ಬರುತ್ತಿದ್ದದ್ದು ಕಬ್ಬಿನ ಟ್ರ್ಯಾಕ್ಟರಿನ ಮೇಲೆ. ಹಂಗಾಮು ಶುರುವಾಯಿತೆಂದರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ನಮ್ಮ ಓಣಿಯ ತಿರುವಿನಲ್ಲಿ ಗೇರು ಬದಲಿಸಿ, ಉಸಿರು ಎಳೆದುಕೊಂಡು ಹೋಗುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಟೇಪು, ಡ್ರೈವರನ ಕಿವಿಗೆ ಸಾಲದು ಅನ್ನುವಂತೆ ಹಿಂದಕ್ಕೂ ಒಂದು ಸ್ಪೀಕರು. ನಾವು ಹಿಂದೆ ಓಡಿ ಕಬ್ಬು ಜಗ್ಗುವವರು. ಊರಿಗೆ ಊರೇ ಕಾಕಂಬಿಯ ಸಿಹಿ ಹುಳಿ ವಾಸನೆ ಹೊಡೆಯುತ್ತಿತ್ತು. ಅಂಥ ಒಂದು ಹಂಗಾಮಿನಲ್ಲಿ ಆ ಟ್ರ್ಯಾಕ್ಟರುಗಳ ಮೇಲೆ ಸುತ್ತಿದ್ದು ನನ್ನ ದನಿ. ಹಾಡು ಅನ್ನಬೇಡಿ, ರ್‍ಯಾಪ್ ಅನ್ನಿ. ಸದಲಗಾದ ಮೊದಲ ರ್‍ಯಾಪರ್ ನಾನೇ, ಸಂಶಯ ಇದ್ದವರು ಮುಂದೆ ಓದಲಿ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗಬಾರದು. ಮನೆತುಂಬ ಮಂದಿ, ಒಬ್ಬರು ಹೊಲದಲ್ಲಿ, ಒಬ್ಬರು ಎಮ್ಮೆ ಕೊಟ್ಟಿಗೆಯಲ್ಲಿ, ಒಬ್ಬರು ಬಸ್‌ಸ್ಟ್ಯಾಂಡಿನಲ್ಲಿ. ಎಲ್ಲರನ್ನೂ ತಾಟಿನ ಮುಂದೆ ತಂದು ಕೂರಿಸುವ ಕೆಲಸ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಮಕ್ಕಳು ಮೊಮ್ಮಕ್ಕಳು ಎಲ್ಲರಿಗೂ ಅವಳು ಆಯಿಯೇ. ಅವಳು ಕಟ್ಟೆಯ ಮೇಲೆ ನಿಂತು ಕರೆಯುತ್ತಿದ್ದಳು. ಮೊದಲು ನಿಧಾನ, ಸೂರ್ಯ ಇಳಿದಂತೆ ಜೋರು, ಕೊನೆಗೆ ಉಸಿರೇ ಇಲ್ಲದಂತೆ. ಓಣಿಯ ಉಳಿದ ಜೈನ ಮನೆಯವರೂ ಅವಳ ಕೂಗು ಕೇಳಿಯೇ ಊಟಕ್ಕೆ ಏಳುತ್ತಿದ್ದರು. ಮೋಡ ಕವಿದ ದಿನ ಗಡಿಯಾರ ನೋಡುವವರು ನಮ್ಮಲ್ಲಿ ಕಡಿಮೆ, ಆಯಿಯ ದನಿ ಇದ್ದರೆ ಸಾಕು.

ಆಗ ಟಿವಿಯಲ್ಲಿ ಹಿಂದಿ ರ್‍ಯಾಪ್ ಹೊಸದು. ಹರಿದ ಪ್ಯಾಂಟಿನ ಹುಡುಗನೊಬ್ಬ ಕೈ ಬೀಸುತ್ತ ಪಟಪಟ ಮಾತಾಡುವುದನ್ನು ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಇಂವಾ ಹಾಡ ಹೇಳೂದ ಬಿಟ್ಟ ಯಾಕ ಜಗಳಾ ತಗದಾನ?"

"ಅದಕ್ಕ ರ್‍ಯಾಪ್ ಅಂತಾರ ಆಯಿ," ಅಂದ ಭರತ ಕಾಕಾ. ಅಪ್ಪನ ತಮ್ಮ ಆತ. ಬಸ್‌ಸ್ಟ್ಯಾಂಡಿನ ಎದುರು ಅವನದು ಕ್ಯಾಸೆಟ್ ಅಂಗಡಿ, ಖಾಲಿ ಕ್ಯಾಸೆಟ್ಟಿಗೆ ಜನ ಕೇಳಿದ ಹಾಡು ತುಂಬಿಕೊಡುತ್ತಿದ್ದ.

"ಇಷ್ಟಕ್ಕ ಟಿವಿಯಾಗ ಬರ್ತಾರೇನು? ಇದನ್ನ ಆಯಿ ದಿನಾ ಮಾಡ್ತಾಳಲ್ಲ," ಅಂದೆ ನಾನು. ಅಂದವಳೇ ಎದ್ದು ನಿಂತು ಆಯಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ಕೂಗಿ ತೋರಿಸಿದೆ. ಒಳಗಿದ್ದ ಅವ್ವ ಗಾಬರಿಯಾಗಿ ತಾಟು ಹಾಕಲು ಬಂದಳು. ಕಾಕಾ ಮಾತ್ರ, "ನಾಳೆ ಅಂಗಡಿಗೆ ಬಾ," ಅಂದ.

ಮರುದಿನ ಅಂಗಡಿಯ ಬಾಗಿಲು ಹಾಕಿ ಕಾಕಾ ಎಣ್ಣೆ ಡಬ್ಬಿ ಬಾರಿಸಿದ, ನಾನು ಮೈಕಿಗೆ ಬಾಯಿ ಹಚ್ಚಿದೆ:

ಹೊತ್ತ ಮುಳಗತೈತಿ ಬಾರೋ ಪಾರೀಸ್ಯಾ,
ಹೊಲದಾಗ ಏನ ಹುಡುಕತಿ ನೇಮ್ಯಾ,
ಕೈ ತೊಳಿ ಕಾಲ ತೊಳಿ ತಾಟ ಹಾಕೇನಿ,
ರೊಟ್ಟಿ ಆರತಾವ, ಝುಣಕಾ ಆರತೈತಿ,
ಸೂರ್ಯಾ ಏನ ನಿಮ್ಮಪ್ಪನ ಆಳೇನೋ
ನೀವು ಬರೂತನಾ ನಿಂದರಾಕ!

ಕಾಕಾ ಒಂದು ಜಾಣತನ ಮಾಡಿದ. ಶುರುವಿನಲ್ಲಿ ಡಬ್ಬಿ ಇಲ್ಲ, ಏನೂ ಇಲ್ಲ, ಬರೀ ಕೂಗು. ಆಮೇಲೆ ಧಡ್ ಅಂತ ತಾಳ. ಕ್ಯಾಸೆಟ್ಟಿನ ಎರಡೂ ಬದಿಗೆ ಅದೊಂದೇ. ಪರಿಚಯದ ಡ್ರೈವರೊಬ್ಬನಿಗೆ ಕೊಟ್ಟ. ಅವನು ಕಾರ್ಖಾನೆಯ ಸಾಲಿನಲ್ಲಿ ಹಚ್ಚಿದ. ಕಬ್ಬು ಇಳಿಸಲು ಪಾಳಿ ಹಚ್ಚಿ ಬೇಸತ್ತು ಕೂತ ಮಂದಿಗೆ ಮತ್ತೇನು ಬೇಕು? ವಾರ ತುಂಬುವುದರೊಳಗೆ ಏಕಸಂಬಿ, ರಾಯಬಾಗ, ಅಥಣಿ ಕಡೆಯ ಟ್ರ್ಯಾಕ್ಟರುಗಳೂ ಕಾಕಾನ ಅಂಗಡಿ ಮುಂದೆ ನಿಲ್ಲತೊಡಗಿದವು. ಗಡಿಯಾಚೆಯ ಡ್ರೈವರುಗಳು "ಆಜೀಚಂ ಗಾಣಂ ದ್ಯಾ" ಅಂತ ಮರಾಠಿಯಲ್ಲಿ ಅಜ್ಜಿಯ ಹಾಡು ಕೇಳುತ್ತಿದ್ದರು. ಶಾಲೆಯಲ್ಲಿ ಹುಡುಗರು ನನಗೆ ಬೆಂಚಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು, ನಾನೂ ಬಿಂಕ ಮಾಡಿದೆ. ಯಾಕೆ ಮಾಡಬಾರದು? ಆಯಿ ಬಸದಿಗೆ ಹೋಗುವಾಗ ಯಾರೋ "ಸೂರ್ಯಾ ಏನ ನಿಮ್ಮಪ್ಪನ ಆಳೇನೋ" ಅಂದರೆ, "ಅಲ್ಲಪಾ, ನಿಮ್ಮಪ್ಪನ ಸೂರ್ಯಾನ ಆಳ," ಅಂದು ಮುಂದೆ ನಡೆಯುತ್ತಿದ್ದಳು.

ಹಾಗಿರುವಾಗ ಒಂದು ಮೋಡದ ಸಂಜೆ. ಓಣಿಯ ತಿರುವಿನ ಮನೆಯಲ್ಲಿ ಪದ್ಮವ್ವ ಇದ್ದಳು, ಆಯಿಯ ಓರಗೆಯ ಗೆಳತಿ. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಎರಡೂ ಅವಳಿಗೆ ಮಬ್ಬೇ. ಆದರೆ ಮದುವೆಯಾಗಿ ಬಂದಾಗಿನಿಂದ ರಾತ್ರಿ ಉಂಡವಳಲ್ಲ. ಆವತ್ತು ಆಯಿ ಕರೆದಾಗ ಅವಳು ಹಿತ್ತಲಲ್ಲಿ ಜಳಕ ಮಾಡುತ್ತಿದ್ದಳು, ಕೇಳಿಸಲಿಲ್ಲ. ಹೊತ್ತು ಮುಳುಗಿತು. ಎಷ್ಟೋ ಹೊತ್ತಿನ ಮೇಲೆ ಒಂದು ಟ್ರ್ಯಾಕ್ಟರು ತಿರುವಿಗೆ ಬಂದು ಕ್ಯಾಸೆಟ್ ಹಚ್ಚಿತು. ಪದ್ಮವ್ವನಿಗೆ ಬರೀ ಕೂಗು ಕೇಳಿತು, ತಾಳ ಬರುವಷ್ಟರಲ್ಲಿ ಟ್ರ್ಯಾಕ್ಟರು ದಾಟಿತ್ತು.

ಹಾಲಿಗೆ ಹೆಪ್ಪು ಹಾಕಲು ಮೊಸರು ಕೇಳಲು ಆಯಿ ನನ್ನ ಕೈ ಹಿಡಿದು ಅವಳ ಮನೆಗೆ ಹೋದಳು. ಪದ್ಮವ್ವ ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದಳು.

"ಪದ್ಮೀ, ಏನ ಮಾಡಾಕತ್ತೀ?"

"ನೀನ ಈಗ ಕರದೆಲ್ಲಬೇ. ಉಣ್ಣಾಕತ್ತೇನಿ."

ಆಯಿ ಬಾಗಿಲಲ್ಲೇ ನಿಂತಳು. ಹೇಳದೆ ಗತಿಯಿರಲಿಲ್ಲ, ಹೊತ್ತು ಮುಳುಗಿ ಬಹಳ ಹೊತ್ತಾಯಿತು, ಕರೆದದ್ದು ಕ್ಯಾಸೆಟ್ಟು ಅಂತ ಹೇಳಿದಳು. ಪದ್ಮವ್ವ ಬಾಯೊಳಗಿನ ತುತ್ತನ್ನು ತೆಗೆದು ತಾಟಿನ ಬದಿಗಿಟ್ಟು, ಬಹಳ ಹೊತ್ತು ಬಾಯಿ ಮುಕ್ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಓಣಿಯ ಹಿರಿಯರು ಬೆಳಿಗ್ಗೆಯೇ ನಮ್ಮ ಕಟ್ಟೆಗೆ ಬಂದರು. "ಆ ಕ್ಯಾಸೆಟ್ ಮುರದ ಹಾಕ ಭರತಾ," ಅಂದರು. ಎಷ್ಟನ್ನು ಮುರಿಯುವುದು? ಅವು ಆಗಲೇ ಕಾಗವಾಡ ದಾಟಿದ್ದವು. ತಪ್ಪು ನನ್ನದು ಅಂದರು ಕೆಲವರು. ಅದನ್ನು ನಾನು ಆವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ. ಆಯಿಯಂತೆ ಕೂಗುವುದು ತಪ್ಪಾದರೆ ಆಯಿಯ ಮೊಮ್ಮಗಳಾಗಿ ಹುಟ್ಟಿದ್ದೂ ತಪ್ಪೇ.

ಪದ್ಮವ್ವ ಆ ದಿನ ಪ್ರಾಯಶ್ಚಿತ್ತದ ಉಪವಾಸ ಮಾಡಿದಳು, ಆಯಿಯೂ ಜೊತೆಗೆ ಮಾಡಿದಳು. ಅದರ ಮರುದಿನ ಸಂಜೆ ಆಯಿ ಕಟ್ಟೆಗೆ ಬರಲೇ ಇಲ್ಲ. ಅಪ್ಪ ಕೇಳಿದರೆ, "ನನ್ನ ದನಿ ನಂಬಿದಾಕೀಗೆ ಹಿಂಗಾತು. ಇನ್ನ ಯಾರನ್ನ ಕರೀಲಿ?" ಅಂದಳು. ಮನೆ ಬಿಕೋ ಅಂದಿತು. ಹಾಡಿನಲ್ಲಿ ಬರುವ ಪಾರೀಸ, ಅಂದರೆ ಅಪ್ಪನ ಇನ್ನೊಬ್ಬ ತಮ್ಮ ಪಾರೀಸ ಕಾಕಾ, ಹೊಲದಿಂದ ಬರುವಷ್ಟರಲ್ಲಿ ಹೊತ್ತು ಹೋಗಿತ್ತು, ಹಸಿದೇ ಮಲಗಲು ಹೊರಟ. ಆಯಿ ಇನ್ನು ಕರೆಯುವುದೇ ಇಲ್ಲವೇನೋ ಅಂದುಕೊಂಡೆ. ಅಷ್ಟರಲ್ಲಿ ಗೋಡೆ ಹಿಡಿದುಕೊಂಡು ಪದ್ಮವ್ವ ಬಂದಳು.

"ಯಾಕ ಕರೀಲಿಲ್ಲಬೇ?"

"ನೀ ಉಂಡಿಲ್ಲೇನ?"

"ನೀ ಕರೀಲಿಲ್ಲ, ನಾ ಉಣಲಿಲ್ಲ."

ನಿನ್ನೆ ಉಪವಾಸ, ಇವತ್ತೂ ಹಸಿವು. ಆಯಿ ಅವಳನ್ನು ಹಿಡಿದು ಕೂರಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಆಯಿ ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಪದ್ಮವ್ವನೇ ಅವಳ ಬೆನ್ನು ಸವರುತ್ತ, "ಟ್ರ್ಯಾಕ್ಟರ್ ಮ್ಯಾಲಿನಾಕೀಗೆ ಬುದ್ಧಿ ಹೇಳ. ನೀ ಸುಮ್ಮನಾದರ ನಾ ಸಾಯ್ತೇನಿ," ಅಂದಳು.

ಮರುದಿನ ಮಧ್ಯಾಹ್ನದ ಊಟದ ಮೇಲೆ ಆಯಿ ತಾನೇ ಕಾಕಾನ ಅಂಗಡಿಗೆ ನಡೆದಳು. ಜೀವಮಾನದಲ್ಲಿ ಮೈಕು ಮುಟ್ಟದವಳು ಅದನ್ನು ಕಸಿದುಕೊಂಡು ಗದರಿಸಿದಳು: "ಏ ಕೇಳ್ರಿಲ್ಲೆ. ಇದು ಕ್ಯಾಸೆಟ್ ಐತಿ. ಇದನ್ನ ಕೇಳಿ ಯಾರೂ ಉಣ್ಣಾಕ ಏಳಬ್ಯಾಡ್ರಿ. ಮುಗಲ ನೋಡಿ ಉಣ್ರಿ. ಕಣ್ಣ ಕಾಣದವರಿದ್ದರ ಮಗ್ಗಲಮನಿಯವರು ಹೋಗಿ ಹೇಳ್ರಿ, ಅಷ್ಟೂ ತಿಳೀಬಾರದೇನ ನಿಮಗ?" ಕಾಕಾ ಅದನ್ನು ಹಾಡಿನ ಮುಂದೆ ಹಚ್ಚಿದ. ಹಳೆಯ ಕ್ಯಾಸೆಟ್ ತಂದವರಿಗೆಲ್ಲ ಪುಕ್ಕಟೆ ಬದಲಿಸಿಕೊಟ್ಟ.

ಆಮೇಲೆ ನೋಡಬೇಕಿತ್ತು! ನನ್ನ ರ್‍ಯಾಪಿಗಿಂತ ಆಯಿಯ ಬೈಗುಳಕ್ಕೇ ಡ್ರೈವರುಗಳು ಮರುಳಾದರು, ಅದನ್ನೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದರು. ನನಗೆ ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಮೈಕು ಹಿಡಿದ ದಿನದ ಸಂಜೆಯಿಂದಲೇ ಆಯಿ ಮತ್ತೆ ಕಟ್ಟೆಯ ಮೇಲೆ ನಿಂತಳು. ಎಲ್ಲರನ್ನೂ ಕರೆದಾದ ಮೇಲೆ ನನ್ನನ್ನು ಪದ್ಮವ್ವನ ಮನೆಗೆ ಕಳಿಸುತ್ತಿದ್ದಳು. ನಾನು ಅವಳ ಕೈ ಹಿಡಿದು, "ಇದು ಖರೇ ಕೂಗರಿ, ಏಳ್ರಿ," ಅನ್ನುತ್ತಿದ್ದೆ.

ನಾನೀಗ ನಿಪ್ಪಾಣಿಯಲ್ಲಿದ್ದೇನೆ. ನಮ್ಮ ಕಡೆಯ ಹುಡುಗರು ನಮ್ಮದೇ ಮಾತಿನಲ್ಲಿ ರ್‍ಯಾಪ್ ಮಾಡಿ ಫೋನಿಗೆ ಬಿಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ, ಸಾವಿರಾರು ಮಂದಿ ಕೇಳುತ್ತಾರೆ. ಸೂರ್ಯ ಮುಳುಗುವ ವೇಳೆಯನ್ನೂ ಅದೇ ಫೋನು ತೋರಿಸುತ್ತದೆ, ತಪ್ಪುವುದಿಲ್ಲ. ನಾನೂ ಸಂಜೆ ಮಕ್ಕಳನ್ನು ಕರೆಯುತ್ತೇನೆ, ದನಿ ಇನ್ನೂ ಗಟ್ಟಿಯಾಗಿದೆ. "ನೀ ಉಣ್ಣು ಮಮ್ಮಿ, ನಾವು ಆಮೇಲೆ ಉಣ್ತೀವಿ," ಅನ್ನುತ್ತಾರೆ ಒಳಗಿನಿಂದ. ಆಯಿಗಿಂತ ಹೆಚ್ಚು ಊರುಗಳಲ್ಲಿ ನನ್ನ ದನಿ ಕೇಳಿಸಿತು, ಆ ಹೆಮ್ಮೆ ನನಗಿದೆ. ಆದರೆ ನಾನು ಕರೆಯದಿದ್ದರೆ ಹಸಿದು ಕೂರುವವರು ಒಬ್ಬರೂ ಇಲ್ಲ.